ಲಿಪಿಕಾರನ ಹೊಸ ಕಣ್ಣು

ಗ್ರಂಥಗಳನ್ನು ಪ್ರತಿಮಾಡಿ ಉಳಿಸುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಒಂದು ಓಲೆಗರಿ ಹುಳುವಿನ ಪಾಲಾಗುವ ಮೊದಲು ಲಿಪಿಕಾರ ಇನ್ನೊಂದನ್ನು ಬರೆದಿಡುತ್ತಿದ್ದ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಓಲೆಯ ಕಟ್ಟೊಂದರಿಂದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ 'ಅರ್ಥಶಾಸ್ತ್ರ'ವನ್ನು 1909ರಲ್ಲಿ ಅಚ್ಚಿಗೆ ತಂದರು. ಕಳೆದೇಹೋಯಿತೆಂದು ತಿಳಿದಿದ್ದ ಗ್ರಂಥ ಹೀಗೆ ಲೋಕಕ್ಕೆ ಮರಳಿತು. ಹೆಸರಿಲ್ಲದ ಆ ಲಿಪಿಕಾರನ ಜಾಗದಲ್ಲಿ ಇಂದು ಡಿಜಿಟಲ್ ಕ್ಯಾಮೆರಾ ಬಂದು ನಿಂತಿದೆ.

'ಅನುಭವಾಮೃತ'ದ ಕವಿ ಮಹಲಿಂಗರಂಗನ ಊರೆಂದು ಹೆಸರಾದ ಜಗಳೂರಿನಲ್ಲಿ ನನ್ನನ್ನು ಕಾಣಬರುವ ತರುಣ ಅಧ್ಯಾಪಕರು ಕೇಳುವುದುಂಟು: "ಗ್ರಂಥಾಲಯದ ಹಳೆಯ ಪುಸ್ತಕಗಳ ಚಿತ್ರ ತೆಗೆಯಬೇಕು ಸಾರ್, ಯಾವ ಕ್ಯಾಮೆರಾ ಕೊಳ್ಳೋಣ?" ನಾನು ಯಂತ್ರ ಬಲ್ಲವನಲ್ಲ, ಗ್ರಂಥಸಂಪಾದನೆಯ ಪಾಠ ಹೇಳಿದವನು. ಆದರೂ ಉತ್ತರ ಆ ಪಾಠದಲ್ಲೇ ಇದೆಯೆಂದು ನನ್ನ ನಂಬಿಕೆ. ಒಳ್ಳೆಯ ಲಿಪಿಕಾರನ ಗುಣಗಳೇ ಕ್ಯಾಮೆರಾಕ್ಕೂ ಬೇಕು: ಸೂಕ್ಷ್ಮವಾಗಿ ಕಾಣುವುದು, ಕಂಡದ್ದನ್ನು ತಿದ್ದದಿರುವುದು, ಮೂಲಕ್ಕೆ ನೋವು ಮಾಡದಿರುವುದು.

ಮೊದಲನೆಯದು ಸೂಕ್ಷ್ಮತೆ. ಕನ್ನಡ ಅಚ್ಚಿನಲ್ಲಿ 'ದ'ಕಾರಕ್ಕೂ 'ಧ'ಕಾರಕ್ಕೂ ಇರುವ ಅಂತರ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಅದು ಮಸುಕಾದರೆ ಧನ ದನವಾಗುತ್ತದೆ. ಆದ್ದರಿಂದ ಅಂಗುಲಕ್ಕೆ 300 ಬಿಂದುಗಳಾದರೂ ಇರಬೇಕು. ಸಣ್ಣ ಅಕ್ಷರಕ್ಕೆ 400 ಲೇಸು. ಎ-4 ಅಳತೆಯ ಹಾಳೆಗೆ 300ರ ಲೆಕ್ಕದಲ್ಲಿ ಸುಮಾರು 9 ಮೆಗಾಪಿಕ್ಸೆಲ್, 400ರ ಲೆಕ್ಕದಲ್ಲಿ ಹದಿನೈದೂವರೆ. ಸುತ್ತ ಅಂಚು ಬಿಟ್ಟುಕೊಂಡರೂ 24 ಮೆಗಾಪಿಕ್ಸೆಲ್ ಧಾರಾಳವಾಯಿತು. ದಿನಪತ್ರಿಕೆಯ ದೊಡ್ಡ ಪುಟವನ್ನು ಎರಡು ಭಾಗವಾಗಿ ತೆಗೆದರಾಯಿತು. ಅದಕ್ಕೂ ಹೆಚ್ಚಿನ ಸಂಖ್ಯೆಗೆ ಸುರಿಯುವ ಹಣವನ್ನು ಮಸೂರಕ್ಕೆ ಮೀಸಲಿಡುವುದು ಮೇಲು. ಹತ್ತಿರದ ವಸ್ತುವನ್ನು ಅಂಚಿನವರೆಗೂ ಡೊಂಕಿಲ್ಲದೆ ತೋರಿಸುವ ಮ್ಯಾಕ್ರೋ ಮಸೂರ ಈ ಕೆಲಸಕ್ಕೆ ತಕ್ಕುದು.

ಎರಡನೆಯದು ಪ್ರಾಮಾಣಿಕತೆ. ಮೊಬೈಲ್ ಫೋನು ತೆಗೆದ ಚಿತ್ರವನ್ನು ತಾನೇ ನುಣುಪು ಮಾಡಿ ಕೊಡುತ್ತದೆ. ಮುಖಕ್ಕೆ ಇದು ಅಂದ, ಅಕ್ಷರಕ್ಕೆ ಅಪಾಯ. ತನಗೆ ತಿಳಿಯದ ಪಾಠವನ್ನು ತಿದ್ದಿ ಬರೆದ ಲಿಪಿಕಾರನಿಂದ ಸಂಪಾದಕರು ಪಟ್ಟ ಪಾಡನ್ನು ಬಲ್ಲವರು ಇದನ್ನು ಒಪ್ಪಿಯಾರು. ಬೇರೇನೂ ಇಲ್ಲದಾಗ ಫೋನೇ ಆದೀತು. ಆರಿಸುವ ಅವಕಾಶವಿದ್ದರೆ, ಯಂತ್ರದ ತಿದ್ದುಪಡಿಗೆ ಒಳಗಾಗದ 'ರಾ' ಚಿತ್ರವನ್ನು ಕೊಡುವ, ಬೆಳಕನ್ನೂ ಫೋಕಸನ್ನೂ ಕೈಯಿಂದ ಹೊಂದಿಸಬಹುದಾದ ಕ್ಯಾಮೆರಾವನ್ನೇ ಕೊಳ್ಳಬೇಕು.

ಮೂರನೆಯದು ದಯೆ. ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಒತ್ತಿದರೆ ಹಳೆಯ ಪುಸ್ತಕದ ಬೆನ್ನು ಮುರಿಯುತ್ತದೆ. ಕ್ಯಾಮೆರಾಕ್ಕಾದರೋ ಪುಸ್ತಕ ಅರ್ಧ ತೆರೆದಿದ್ದರೂ ಸಾಕು. ಅದನ್ನು ಅಲುಗದ ಸ್ಟ್ಯಾಂಡಿಗೆ ಬಿಗಿದು ಎರಡು ಬದಿಯಿಂದಲೂ ಸಮನಾದ ಬೆಳಕು ಕೊಡಬೇಕು. ಫ್ಲಾಷ್ ಬೇಡ, ಕರಿಬಟ್ಟೆಯ ಕಡತದ ಮೇಲಿನ ಬಳಪದ ಬರಹ ಅದರ ಹೊಳಪಿನಲ್ಲಿ ಮುಳುಗಿಹೋಗುತ್ತದೆ. ಮಸಿ ಅಳಿಸಿದ ಓಲೆಗೆ ಮಾತ್ರ ಒಂದೇ ಬದಿಯಿಂದ ಓರೆಯಾಗಿ ಬೆಳಕು ಬಿಡಬೇಕು. ಕಂಟದ ಗೀರು ನೆರಳಾಗಿ ಎದ್ದು ಕಾಣುತ್ತದೆ. ಬೆಂಗಳೂರಿನಲ್ಲಿ 'ಸರ್ವೆಂಟ್ಸ್ ಆಫ್ ನಾಲೆಜ್' ತಂಡದವರು ಹಳೆಯ ಕನ್ನಡ ಪುಸ್ತಕಗಳನ್ನು ಡಿಜಿಟಲೀಕರಿಸಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಹಾಗೆ ತೆರೆದಿಡುವಾಗ, ಲೇಖಕರು ಗತಿಸಿದ ಮೇಲೆ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆಂಬುದು ನೆನಪಿರಲಿ.

ಹಿಂದಿನ ಲಿಪಿಕಾರರು ಬರೆದು ಮುಗಿಸಿದ ಮೇಲೆ ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಓದುಗರನ್ನು ಬೇಡಿಕೊಳ್ಳುತ್ತಿದ್ದರು. ಯಂತ್ರ ಹಾಗೆ ಬೇಡಲಾರದು. ಆದ್ದರಿಂದ ಅಂದಂದಿನ ಚಿತ್ರಗಳನ್ನು ಅಂದಂದೇ ಪುಟಪುಟವಾಗಿ ಮೂಲದೊಡನೆ ಹೋಲಿಸಿ ನೋಡಬೇಕು; ಪ್ರತಿಗಳನ್ನು ಎರಡು ಮೂರು ಕಡೆ ಇಡಬೇಕು. ಚಿತ್ರ ತೆಗೆದಾಯಿತಲ್ಲ ಎಂದು ಮೂಲವನ್ನು ರದ್ದಿಗೆ ಹಾಕುವವರೂ ಇದ್ದಾರೆ. ನಾಳೆ ಪಾಠದ ಬಗೆಗೆ ಸಂಶಯ ಬಂದಾಗ ನಾವು ತಿರುಗಿ ಹೋಗಬೇಕಾದದ್ದು ಆ ಹಾಳೆಗೇ.