ಬೆಳಗಿನ ಉಪಾಹಾರ ಮತ್ತು ಪೋರ್ಟ್ ವೈನ್



ಬೆಳಗಿನ ತಿಂಡಿಯೊಡನೆ ಒಂದು ಪುಟ್ಟ ಲೋಟ ಪೋರ್ಟ್ ವೈನ್ ಸೇವಿಸಬಹುದೇ ಎಂದು ನನ್ನನ್ನು ಕೇಳುವವರು ಕುಡುಕರಲ್ಲ. ‘ರಕ್ತ ಕಡಿಮೆಯಿದೆ ಡಾಕ್ಟರೇ, ಟಾನಿಕ್ಕಿನಂತೆ’ ಎನ್ನುವ ಹಿರಿಯರು. ಮಗಳ ಬಾಣಂತನಕ್ಕೆಂದು ಊರಿನಿಂದ ಬಂದ ತಾಯಂದಿರು. ಈ ನಂಬಿಕೆಗೂ ಒಂದು ಚರಿತ್ರೆಯಿದೆ.

ಪೋರ್ಟ್ ಹುಟ್ಟಿದ್ದು ಪೋರ್ಚುಗಲ್ಲಿನ ಡೌರೊ ಕಣಿವೆಯಲ್ಲಿ. ದ್ರಾಕ್ಷಾರಸ ಹುದುಗುತ್ತಿರುವಾಗಲೇ ಅದಕ್ಕೆ ಬಟ್ಟಿಯಿಳಿಸಿದ ದ್ರಾಕ್ಷಿಮದ್ಯವನ್ನು ಬೆರೆಸುತ್ತಾರೆ. ಹುದುಗುವಿಕೆ ನಿಂತು ಸಕ್ಕರೆ ಉಳಿಯುತ್ತದೆ. ಮದ್ಯಸಾರ ಶೇಕಡಾ 20ರಷ್ಟಾಗುತ್ತದೆ. 1650ರವರೆಗೆ ಮಸ್ಕತ್ತಿನ ಜಲಾಲಿ, ಮಿರಾನಿ ಕೋಟೆಗಳಲ್ಲಿದ್ದ ಪೋರ್ಚುಗೀಸರು ಇಂದಿನ ಪೋರ್ಟಿನ ರುಚಿ ಕಂಡವರಲ್ಲ. ಅದಕ್ಕೆ ಹೆಸರು ತಂದದ್ದು ಮುಂದಿನ ಶತಮಾನದ ಇಂಗ್ಲಿಷರು. ಅವರ ವೈದ್ಯರೇ ಅದನ್ನು ಔಷಧವೆಂದು ಬರೆದುಕೊಟ್ಟರು. ಕಿರಿಯ ವಿಲಿಯಂ ಪಿಟ್‌ಗೆ ಹುಡುಗನಾಗಿದ್ದಾಗಲೇ ದಿನವೂ ಪೋರ್ಟ್ ಕುಡಿಯಲು ಸಲಹೆ ದೊರೆಯಿತು. ಮುಂದೆ ಪ್ರಧಾನಿಯಾದ ಆತ ವಿಪರೀತ ಕುಡಿದು, 1806ರಲ್ಲಿ 46ನೆಯ ವಯಸ್ಸಿಗೇ ತೀರಿಕೊಂಡ.

ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯಿಂದಲೂ ಪೋರ್ಟ್ ಮಾದರಿಯ ಸಿಹಿ ವೈನ್ ತಯಾರಾಗುತ್ತದೆ. ಬಣ್ಣ ಕೆಂಪು, ಆದ್ದರಿಂದ ರಕ್ತವರ್ಧಕವೆಂಬ ಊಹೆ. ಆ ಕೆಂಪು ದ್ರಾಕ್ಷಿಯ ಸಿಪ್ಪೆಯದು, ಕಬ್ಬಿಣದ್ದಲ್ಲ. ಅದರ ಒಗರು ಆಹಾರದಲ್ಲಿರುವ ಕಬ್ಬಿಣವನ್ನು ಮೈ ಹೀರದಂತೆ ತಡೆಯುತ್ತದೆ.

ನೂರು ಮಿಲಿಲೀಟರಿನಲ್ಲಿ ಸುಮಾರು 16 ಗ್ರಾಂ ಮದ್ಯಸಾರ, ಎರಡು ಚಮಚ ಸಕ್ಕರೆ. ಅದನ್ನು ಕರಗಿಸಲು ಯಕೃತ್ತಿಗೆ ಸುಮಾರು ಎರಡು ಗಂಟೆ ಬೇಕು. ಅಷ್ಟರಲ್ಲಿ ನಾವು ಕಾರು ಹತ್ತಿರುತ್ತೇವೆ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಬಾಣಂತಿಯ ರಕ್ತದಲ್ಲಿರುವ ಮದ್ಯಸಾರ ಎದೆಹಾಲಿಗೂ ಇಳಿಯುತ್ತದೆ. ಹಾಲು ಹೆಚ್ಚುವ ಬದಲು ತಗ್ಗುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ‘ಟಾನಿಕ್’ ಎಂಬ ಹೆಸರಿನದು. ಹಿರಿಯರಲ್ಲಿ ರಕ್ತಹೀನತೆಯ ಹಿಂದೆ ಹೊಟ್ಟೆಯ ಹುಣ್ಣು ಅಥವಾ ಕರುಳಿನ ಕ್ಯಾನ್ಸರ್ ಅಡಗಿರಬಹುದು. ಪೋರ್ಟಿನ ಮೇಲೆ ಭರವಸೆಯಿಟ್ಟು ಕಳೆದ ಆರು ತಿಂಗಳು ಮರಳಿ ಬರುವುದಿಲ್ಲ. ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಕಾರಣ ಹುಡುಕಿಸಿ. ತಿಂಡಿಗೆ ಹೆಸರುಕಾಳಿನ ಉಸಲಿ ಇರಲಿ, ಅದರ ಮೇಲೆ ನಿಂಬೆರಸ ಹಿಂಡಿ. ಆ ಹುಳಿ ಕಬ್ಬಿಣ ಮೈಗೂಡಲು ನೆರವಾಗುತ್ತದೆ.

ಹಾಗಾದರೆ ಪೋರ್ಟಿನ ಸವಿಯೇ ಬೇಡವೇ? ಮದ್ಯಪಾನದಲ್ಲಿ ಸಂಪೂರ್ಣ ಸುರಕ್ಷಿತವೆನ್ನುವ ಪ್ರಮಾಣವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಇದನ್ನು ತಿಳಿದೂ ಆರೋಗ್ಯವಂತರೊಬ್ಬರು ಈ ನಾಡಿನ ಕಾಯಿದೆಗೆ ಒಳಪಟ್ಟು, ಎಂದಾದರೊಮ್ಮೆ ರಾತ್ರಿಯೂಟದ ನಂತರ, ಕಾರಿನ ಕೀಲಿಯನ್ನು ಎತ್ತಿಟ್ಟು ಒಂದು ಗುಟುಕು ಸವಿದರೆ ನಾನು ಜಗಳಕ್ಕೆ ಬರುವುದಿಲ್ಲ. ಆದರೆ ಅದನ್ನು ಸುಖವೆಂದೇ ಕರೆಯಿರಿ. ಸುಖಕ್ಕೆ ಮಿತಿ ಹಾಕಿಕೊಳ್ಳಬೇಕೆಂದು ನಮಗೆ ಗೊತ್ತಿರುತ್ತದೆ; ಔಷಧವೆಂದುಕೊಂಡರೆ ದಿನವೂ ತಪ್ಪದೆ ಕುಡಿಯುತ್ತೇವೆ.