ಬಿಸಿನೀರು, ಮಿಂಚು, ರಕ್ತ

ಶೆಟ್ಟಿಹಳ್ಳಿಯ ಹಿರಿಯರೇ, ಶಿಕ್ಷಕರೇ, ಮಾದರಿಗಳನ್ನು ಕಟ್ಟಿ ನಿಲ್ಲಿಸಿರುವ ಮಕ್ಕಳೇ,

ಮಿದುಳಿನ ಕುರಿತ ಈ ವಿಜ್ಞಾನ ವಸ್ತುಪ್ರದರ್ಶನವನ್ನು ಉದ್ಘಾಟಿಸುವ ಮುನ್ನ ನಮ್ಮ ಬಚ್ಚಲುಮನೆಯ ಮಾತೊಂದನ್ನು ಆಡುತ್ತೇನೆ. ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ಮೊಗೆದು ಒಂದೇ ಸಮನೆ ತಲೆಗೆ ಹುಯ್ದುಕೊಳ್ಳುವುದು ನಮ್ಮ ಕಡೆಯ ರೂಢಿ. ಕೆಲವರಿಗೆ ಆ ಹೊತ್ತಿನಲ್ಲೇ ಪ್ರಜ್ಞೆ ತಪ್ಪುತ್ತದೆ. ಗಾಳಿ ಸೋಕಿತು ಅನ್ನುತ್ತೇವೆ, ಕೈಗೆ ಕಬ್ಬಿಣ ಕೊಡುತ್ತೇವೆ. ಅದು ಬಿಸಿನೀರಿನ ಮೂರ್ಛೆ. ಬೇರೆ ಬಹುತೇಕ ದೇಶಗಳಲ್ಲಿ ಅಪರೂಪವಾದ ಈ ಕಾಯಿಲೆ ನಮ್ಮ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು. ಬೆಂಗಳೂರಿನ ಡಾ. ಕೆ.ಎಸ್. ಮಣಿ ಮೊದಲೇ ಇದರ ಬೆನ್ನು ಹತ್ತಿದ್ದರು. 1988ರಲ್ಲಿ ಅಲ್ಲಿನ ಮಿದುಳು-ನರರೋಗಗಳ ಆಸ್ಪತ್ರೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರ ಪ್ರಕಟಿಸಿದರು.

ಆ ಗಳಿಗೆಯಲ್ಲಿ ಮಿದುಳಿನೊಳಗೆ ಏನಾಗುತ್ತದೆ? ಇಇಜಿ ಯಂತ್ರ ಮಿದುಳಿನ ವಿದ್ಯುತ್ತನ್ನು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ನಿಖರವಾಗಿ ಬರೆದುಕೊಳ್ಳುತ್ತದೆ. ಆದರೆ ಬುರುಡೆ ದಾಟಿ ಬರುವಾಗ ಆ ಅಲೆಗಳು ಕಲಸಿಹೋಗಿರುತ್ತವೆ. ಎಫ್‌ಎಂಆರ್‌ಐ ಎಂಬ ಸ್ಕ್ಯಾನ್ ರಕ್ತದ ಆಮ್ಲಜನಕವನ್ನು ನೋಡಿ, ಮಿದುಳು ಚುರುಕಾದ ಜಾಗವನ್ನು ಕೆಲವೇ ಮಿಲಿಮೀಟರ್ ಅಂತರದಲ್ಲಿ ತೋರಿಸುತ್ತದೆ. ರಕ್ತ ಮಾತ್ರ ಐದಾರು ಸೆಕೆಂಡು ತಡವಾಗಿ ಉಕ್ಕುತ್ತದೆ. ನಿಮಗೆ ಇದನ್ನು ಹೇಳಿಕೊಡಬೇಕಿಲ್ಲ. ಗುಡುಗಿದ ಕ್ಷಣ ಕಿವಿಗೆ ಗೊತ್ತಾಗುತ್ತದೆ, ಮಳೆ ಯಾವ ಹಳ್ಳದ ಮೇಲೆ ಬಿತ್ತೆಂದು ಗೊತ್ತಾಗುವುದಿಲ್ಲ. ಹೇಮಾವತಿಯ ಹಿನ್ನೀರು ನಿಧಾನಕ್ಕೆ ಏರಿ ನಮ್ಮ ಹಳೇ ಇಗರ್ಜಿಯ ಗೋಡೆಯಲ್ಲಿ ನಿಂತಾಗ ಎಲ್ಲಿಯವರೆಗೆ ಬಂತೆಂದು ಕಾಣುತ್ತದೆ, ಯಾವ ಗುಡುಗಿನ ನೀರೆಂದು ಕಾಣುವುದಿಲ್ಲ. ಎರಡನ್ನೂ ಕೂಡಿಸಿ ಓದಬೇಕು.

ಕೂಡಿಸುವುದು ಸುಲಭವಲ್ಲ. ಇಇಜಿ ಅಳೆಯುವುದು ವೋಲ್ಟಿನ ದಶಲಕ್ಷದ ಹತ್ತಾರು ಪಾಲುಗಳನ್ನು. ಎಂಆರ್‌ಐ ಯಂತ್ರದ ಬದಲಾಗುವ ಕಾಂತಕ್ಷೇತ್ರ ತಲೆಗೆ ಅಂಟಿಸಿದ ತಂತಿಗಳಲ್ಲಿ ಅದಕ್ಕಿಂತ ಎಷ್ಟೋ ಪಾಲು ದೊಡ್ಡ ಗದ್ದಲ ಎಬ್ಬಿಸುತ್ತದೆ. ಎದೆಬಡಿತಕ್ಕೆ ನೆತ್ತಿ ಕೂದಲೆಳೆಯಷ್ಟು ಅಲುಗಿದರೂ ಮತ್ತೊಂದು ಗದ್ದಲ. ಎರಡನ್ನೂ ಕೂಡಿಸುವ ಮೊದಲ ಪ್ರಯತ್ನ 1993ರಲ್ಲೇ ನಡೆದಿತ್ತು. ಯಂತ್ರದ ಗದ್ದಲ ಒಂದೇ ಆಕಾರದಲ್ಲಿ ಮರಳಿ ಮರಳಿ ಬರುವುದರಿಂದ ಅದರ ಸರಾಸರಿ ತೆಗೆದು ಕಳೆಯುವ ದಾರಿಯನ್ನು ಫಿಲಿಪ್ ಅಲೆನ್ ಮತ್ತು ಜೊತೆಗಾರರು 2000ದಲ್ಲಿ ತೋರಿಸಿದರು. ಕೂಡುವ, ಭಾಗಿಸುವ, ಕಳೆಯುವ ಲೆಕ್ಕ. ನಿಮ್ಮ ಶಾಲೆಯ ಲೆಕ್ಕವೇ, ಮಕ್ಕಳೇ.

ಎಂಆರ್‌ಐ ಕೊಳವೆಯೊಳಗೆ ತಲೆಗೆ ಬಿಸಿನೀರು ಹುಯ್ಯಲು ಸಾಧ್ಯವಿಲ್ಲ. ಅದಕ್ಕೆ ಸ್ಪೆಕ್ಟ್ ಎಂಬ ಇನ್ನೊಂದು ದಾರಿ. ಮೂರ್ಛೆ ಶುರುವಾದ ಕೂಡಲೇ ರಕ್ತನಾಳಕ್ಕೆ ಕೊಟ್ಟ ವಿಕಿರಣಶೀಲ ಔಷಧಿ ರಕ್ತ ಹೆಚ್ಚು ಹರಿದ ಕಡೆ ಹೆಚ್ಚಾಗಿ ಉಳಿಯುತ್ತದೆ. ಚಿತ್ರವನ್ನು ಆಮೇಲೆ ತೆಗೆಯಬಹುದು. ಹೀಗೆ ನೋಡಿದ ನಿಮ್ಹಾನ್ಸ್‌ನ ವೈದ್ಯರಿಗೆ ಕಣತಲೆಯ ಬಳಿಯ ಮಿದುಳಿನ ಹಾಲೆಯ (ಟೆಂಪೊರಲ್ ಲೋಬ್) ಒಳಮೈ ಮತ್ತು ಹೈಪೋಥಲಾಮಸ್‌ನಲ್ಲಿ ರಕ್ತ ಏರಿದ್ದು ಕಂಡಿತು. ಮೈಯ ಬಿಸಿಯನ್ನು ಹತೋಟಿಯಲ್ಲಿಡುವುದೇ ಆ ಹೈಪೋಥಲಾಮಸ್! ಈ ಚಿತ್ರ ನೋಡಿದ ಮೇಲೂ ನಾವು ಗಾಳಿಯನ್ನು ದೂರುವುದು ನನಗೆ ಸಂಕಟದ ಸಂಗತಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗುತ್ತಿದ್ದರೆ ಮುಚ್ಚಿಡಬೇಡಿ. ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಅಂಜಬೇಡಿ. ನರರೋಗ ವೈದ್ಯರಿಗೆ ತೋರಿಸಿ. ತಲೆಗೆ ಉಗುರುಬೆಚ್ಚಗಿನ ನೀರು ಸಾಕು. ಅದರಿಂದಲೂ ತಗ್ಗದವರಿಗೆ ತಲೆಸ್ನಾನಕ್ಕೆ ಮುಂಚೆ ನುಂಗುವ ಮಾತ್ರೆಯಿದೆ, ವೈದ್ಯರು ಬರೆದುಕೊಡುತ್ತಾರೆ.

ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ. ಬನ್ನಿ, ಮಕ್ಕಳು ವಿವರಿಸಲು ಕಾದಿದ್ದಾರೆ.