ಮನೆಯ ಚಿತ್ರಕ್ಕೆ ಮನೆಯವರ ಕತ್ತರಿ
(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ನಾನು ಬ್ಯಾಂಕಿನ ಗುಮಾಸ್ತ. ಬಿ.ಕಾಂ. ಓದಿದವನಿಗೆ ಜಮಾ-ಖರ್ಚಿನ ಹೊರತು ಬೇರೆ ವಿದ್ಯೆ ಅಷ್ಟಕ್ಕಷ್ಟೆ. ಆದರೂ ವಿಡಿಯೊ ಸಂಕಲನದ ಬಗೆಗೆ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಕಲಿಯುವಾಗ ಒಂದು ದೊಡ್ಡ ತಪ್ಪು ಮಾಡಿದವನು ನಾನು. ಆ ಒಂದೇ ಅರ್ಹತೆಯಿಂದ ತಮ್ಮ ಮುಂದೆ ನಿಂತಿದ್ದೇನೆ.

ಎರಡು ವರ್ಷದ ಹಿಂದೆ ನಮ್ಮ ಅವ್ವ ಧಾರವಾಡದಿಂದ ಪುಣೆಗೆ ಬಂದಿದ್ದಳು. ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತ ತನ್ನ ತವರಿನ ಸಂಗತಿ ಹೇಳತೊಡಗಿದಳು. ಪಕ್ಕದಲ್ಲಿ ನನ್ನ ಮಗಳು ಕುಳಿತಿದ್ದಳು. ನಾನು ಮೊಬೈಲನ್ನು ಡಬ್ಬಿಗೆ ಆನಿಸಿಟ್ಟು ನಲವತ್ತು ನಿಮಿಷ ಚಿತ್ರ ತೆಗೆದೆ. ಸಂಘದ ಕಾರ್ಯಕ್ರಮದಲ್ಲಿ ಅದನ್ನು ತೋರಿಸುವ ಆಸೆಯಾಯಿತು. ಸಿಕ್ಕ ವೇಳೆ ಮೂರೇ ನಿಮಿಷ. ಆಗ ಕತ್ತರಿ ಹಿಡಿದೆ.

ವಿಡಿಯೊ ಎಂದರೆ ಅಲುಗಾಡದ ಚಿತ್ರಗಳ ಸಾಲು. ಸಿನಿಮಾದಲ್ಲಿ ಸೆಕೆಂಡಿಗೆ 24, ನಮ್ಮ ಮೊಬೈಲುಗಳಲ್ಲಿ ಸಾಮಾನ್ಯವಾಗಿ 30. ಇವುಗಳಲ್ಲಿ ಯಾವುದು ಇರಬೇಕು, ಯಾವುದರ ಹಿಂದೆ ಯಾವುದು ಬರಬೇಕು ಎಂದು ನಿರ್ಣಯಿಸುವುದೇ ಸಂಕಲನ. ಶಾಟ್‌ಕಟ್, ಕೆಡೆನ್‌ಲೈವ್ ಮೊದಲಾದ ತಂತ್ರಾಂಶಗಳು ಹಣವಿಲ್ಲದೆ ದೊರೆಯುತ್ತವೆ. ಪರದೆಯ ಕೆಳಭಾಗದಲ್ಲಿ ಟೈಮ್‌ಲೈನ್ ಇರುತ್ತದೆ. ಚಿತ್ರಕ್ಕೆ ಒಂದು ಸಾಲು, ಧ್ವನಿಗೆ ಇನ್ನೊಂದು.

ಮೊದಲನೆಯ ಮಾತು: ಕತ್ತರಿ ಹಾಕುವ ಮುನ್ನ ಇಡೀ ಚಿತ್ರವನ್ನು ಒಮ್ಮೆ ನೋಡಿರಿ. ಬೇಕಾದ ಭಾಗ ಎಷ್ಟನೆಯ ನಿಮಿಷದಲ್ಲಿದೆಯೆಂದು ಕಾಗದದ ಮೇಲೆ ಗುರುತಿಸಿಕೊಳ್ಳಿರಿ.

ಎರಡನೆಯದು: ಜೋಡಣೆಯಿಂದ ಅರ್ಥವೇ ಬದಲಾಗುತ್ತದೆ. ರಷ್ಯದ ಲೆವ್ ಕುಲೆಶೊವ್ ಎಂಬವರು 1920ರ ಸುಮಾರಿಗೆ ಒಬ್ಬ ನಟನ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನೊಡನೆ, ಒಮ್ಮೆ ಶವಪೆಟ್ಟಿಗೆಯೊಡನೆ ಜೋಡಿಸಿ ತೋರಿಸಿದರಂತೆ. ನೋಡಿದವರಿಗೆ ಅದೇ ಮುಖದಲ್ಲಿ ಹಸಿವೂ ಕಂಡಿತು, ದುಃಖವೂ ಕಂಡಿತು. ಆದ್ದರಿಂದ ಹಿರಿಯರು ಆಡದ ಮಾತನ್ನು ಆಡಿದಂತೆ ತೋರುವ ಜೋಡಣೆ ಸಲ್ಲದು.

ಮೂರನೆಯದು: ಧ್ವನಿ. ಚಿತ್ರ ತುಸು ಮಸುಕಾದರೆ ಜನ ಸಹಿಸುತ್ತಾರೆ. ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಮಾತಿನ ನಡುವೆ ಕತ್ತರಿಸಿದರೆ ಮುಖ ಥಟ್ಟನೆ ಜಿಗಿದಂತೆ ಕಾಣುತ್ತದೆ. ಆ ಸ್ಥಳದಲ್ಲಿ ಮಾತನ್ನು ಹಾಗೆಯೇ ನಡೆಯಗೊಟ್ಟು, ಮುಖದ ಬದಲು ಜೋಳ ಕೇರುವ ಕೈಗಳನ್ನು ತೋರಿಸಿದರೆ ಜಿಗಿತ ಮರೆಯಾಗುತ್ತದೆ. ಇದಕ್ಕಾಗಿ ಕೈ, ಮೊರ, ಕಿಟಕಿ ಇವುಗಳ ಚಿತ್ರವನ್ನೂ ಆಗಲೇ ತೆಗೆದಿಟ್ಟುಕೊಳ್ಳಬೇಕು.

ನಾಲ್ಕನೆಯದೇ ಮುಖ್ಯ. ಈ ತಂತ್ರಾಂಶಗಳು ಮೂಲ ಚಿತ್ರವನ್ನು ನಿಜವಾಗಿ ಕತ್ತರಿಸುವುದಿಲ್ಲ. ಎಲ್ಲಿಂದ ಎಲ್ಲಿಯವರೆಗೆ ಬೇಕೆಂದು ಬರೆದಿಟ್ಟುಕೊಳ್ಳುತ್ತವೆ. ಅದು ಲೆಡ್ಜರಿನ ನಮೂದು ಇದ್ದಂತೆ. ಮೂಲ ಚಿತ್ರವೇ ವೋಚರು. ಬ್ಯಾಂಕಿನಲ್ಲಿ ದಿನವಿಡೀ ವೋಚರು ಜೋಪಾನ ಮಾಡುವ ನಾನು ಮನೆಯಲ್ಲಿ ಏನು ಮಾಡಿದೆ? ಮೂರು ನಿಮಿಷದ ಪ್ರತಿ ಸಿದ್ಧವಾದೊಡನೆ, ಜಾಗ ಉಳಿಸುವ ಭರದಲ್ಲಿ ಮೂಲವನ್ನು ಮೊಬೈಲಿನಿಂದಲೂ ಕಂಪ್ಯೂಟರಿನಿಂದಲೂ ಅಳಿಸಿಹಾಕಿದೆ.

ಸಭೆಯಲ್ಲಿ ಎಲ್ಲರೂ ಮೆಚ್ಚಿದರು. ಆ ವರ್ಷವೇ ಅವ್ವ ತೀರಿಕೊಂಡಳು. ಮೊನ್ನೆ ಮಗಳು ಆ ಚಿತ್ರ ನೋಡಿ, "ಅಪ್ಪಾ, ಅಜ್ಜಿ ಕೆಮ್ಮಿ ಕೆಮ್ಮಿ ನಕ್ಕಿದ್ದಳಲ್ಲ, ಅದೆಲ್ಲಿ?" ಎಂದಳು. ಕೆಮ್ಮು ಕೇಳಲು ಚೆನ್ನಾಗಿಲ್ಲವೆಂದು ನಾನು ತೆಗೆದುಹಾಕಿದ್ದೆ. ಕೆಮ್ಮಿನ ಜೊತೆಗೆ ನಗೆಯೂ ಹೋಗಿತ್ತು.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ನಮ್ಮ ನೆರೆಯ ಕೊಲ್ಹಾಪುರದಲ್ಲಿಯೇ ತಯಾರಾಗಿ 1934ರಲ್ಲಿ ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ದೊರೆಯುವುದಿಲ್ಲ. ಅಂಥ ದೊಡ್ಡ ವಸ್ತುವೇ ಹೋಗಿರುವಾಗ ನಮ್ಮ ಮನೆಯ ಚಿತ್ರಗಳ ಪಾಡೇನು?

ಆದ್ದರಿಂದ ನನ್ನದೊಂದು ವಿನಂತಿ. ಊರಿಗೆ ಹೋದಾಗ ಹಿರಿಯರನ್ನು ಮಾತಾಡಿಸಿ ಚಿತ್ರ ತೆಗೆಯಿರಿ. ಮೂಲವನ್ನು ಎರಡು ಕಡೆ ಇಡಿರಿ. ಒಂದು ಪ್ರತಿ ಮನೆಯಿಂದ ಹೊರಗೆ, ಅಣ್ಣತಮ್ಮಂದಿರ ಬಳಿ ಇರಲಿ. ಆಮೇಲೆ ಧೈರ್ಯವಾಗಿ ಕತ್ತರಿ ಹಿಡಿಯಿರಿ. ನಮ್ಮ ಮಕ್ಕಳಲ್ಲಿ ಹಲವರು ಕನ್ನಡ ಓದಲಾರರು, ಕೇಳಬಲ್ಲರು. ಅವರಿಗೆ ಕೇಳಲು ನಾವು ಏನಾದರೂ ಉಳಿಸಬೇಕಷ್ಟೆ.